ಗೇಜ್ 200 ತೋರಿಸಿದರೆ ಸಾಕೇ?

ಆಗಷ್ಟೇ ತುಂಬಿಸಿದ ಸ್ಕೂಬಾ ಸಿಲಿಂಡರಿನ ಮೈಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಕಾಫಿಯ ಲೋಟ ಮುಟ್ಟಿದ ಹಾಗಿರುತ್ತದೆ. ಗೇಜಿನ ಮುಳ್ಳು 200 ಬಾರ್ ಮೇಲೆ ನಿಂತಿರುತ್ತದೆ. ಕೆಲವು ಗಂಟೆ ಬಿಟ್ಟು ಬಂದರೆ ಅದೇ ಮುಳ್ಳು 185ರ ಆಸುಪಾಸಿಗೆ ಇಳಿದಿರುತ್ತದೆ. ಹೊಸಬರು ಗಾಬರಿಯಾಗಿ ವಾಲ್ವಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕುತ್ತಾರೆ. ಸಾಮಾನ್ಯವಾಗಿ ಗುಳ್ಳೆ ಏಳುವುದಿಲ್ಲ, ಏಕೆಂದರೆ ಒಂದು ಉಸಿರಿನಷ್ಟು ಗಾಳಿಯೂ ಹೊರಗೆ ಹೋಗಿಲ್ಲ. ಒಳಗಿನ ಅನಿಲ ತಣಿದಿದೆ, ಅಷ್ಟೆ.

ಈ ಬಿಸಿ ಕಂಪ್ರೆಸರಿನಿಂದ ಬಂತು ಎಂಬುದು ಮೊದಲ ತಪ್ಪು ತಿಳಿವಳಿಕೆ. ಕಂಪ್ರೆಸರ್ ತಾನು ಒತ್ತಿದ ಗಾಳಿಯನ್ನು ಸುರುಳಿ ಕೊಳವೆಗಳಲ್ಲಿ ಹಾಯಿಸಿ, ಬಹುಮಟ್ಟಿಗೆ ತಣಿಸಿಯೇ ಹೊರಗೆ ಬಿಡುತ್ತದೆ. ಬಿಸಿ ಹುಟ್ಟುವುದು ಸಿಲಿಂಡರಿನೊಳಗೇ. ಹಿಂದಿನಿಂದ ನುಗ್ಗಿ ಬರುವ ಅನಿಲ ಮೊದಲೇ ಒಳಗಿದ್ದ ಅನಿಲವನ್ನು ಒತ್ತುತ್ತದೆ, ಒತ್ತಿದ್ದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಸುಡುವುದೂ ಇದೇ ಕಾರಣಕ್ಕೆ.

ಎಷ್ಟು ಕಾದರೆ ಎಷ್ಟು ಏರುತ್ತದೆ? ಇಲ್ಲಿ ಓದಿದವರೂ ಎಡವುತ್ತಾರೆ. 27 ಡಿಗ್ರಿ ಸೆಲ್ಸಿಯಸ್ಸಿನಿಂದ 57ಕ್ಕೆ ಹೋದರೆ ತಾಪ ಇಮ್ಮಡಿಗೂ ಮೀರಿತು, ಒತ್ತಡವೂ ಹಾಗೆಯೇ ಏರಬೇಕು ಎಂದು ಲೆಕ್ಕ ಹಾಕುತ್ತಾರೆ. ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು ಮಾತ್ರ, ಅನಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅನಿಲದ ಲೆಕ್ಕಕ್ಕೆ ಬೇಕಾದದ್ದು ಲಾರ್ಡ್ ಕೆಲ್ವಿನ್ 1848ರಲ್ಲಿ ಮುಂದಿಟ್ಟ ನಿರಪೇಕ್ಷ ಮಾನ. ಅದರಲ್ಲಿ 27 ಎಂದರೆ 300, 57 ಎಂದರೆ 330. ಏರಿದ್ದು ಶೇ. 10 ಮಾತ್ರ. 200 ಬಾರಿನ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಮುಕ್ಕಾಲು ಬಾರ್‌ಗಿಂತ ತುಸು ಕಡಿಮೆ ವ್ಯತ್ಯಾಸ ಎಂದು ನೆನಪಿಟ್ಟುಕೊಂಡರೆ ಕೆಲಸ ನಡೆಯುತ್ತದೆ.

ಮಾಮೂಲಿ ಗಾಳಿ ತುಂಬಿದ್ದರೆ ಇದರಿಂದಾಗುವ ನಷ್ಟ ನೀರಿನಡಿಯ ಕೆಲವು ನಿಮಿಷ. ನೈಟ್ರಾಕ್ಸ್ ಬೆರೆಸುವಾಗ ಮಾತ್ರ ಇದು ಪ್ರಾಣದ ಮಾತಾಗುತ್ತದೆ. ಗಾಳಿಯಲ್ಲಿ ಸುಮಾರು ಶೇ. 21 ಇರುವ ಆಕ್ಸಿಜನ್ ಅನ್ನು 32ಕ್ಕೋ 36ಕ್ಕೋ ಏರಿಸಿದ್ದೇ ನೈಟ್ರಾಕ್ಸ್. ನೈಟ್ರೋಜನ್ ಕಡಿಮೆ ಇರುವುದರಿಂದ ನೀರಿನಡಿ ಹೆಚ್ಚು ಹೊತ್ತು ಇರಬಹುದು. ಆದರೆ ಆಳ ಹೆಚ್ಚಿದಂತೆ ಅದೇ ಆಕ್ಸಿಜನ್ ವಿಷವಾಗುತ್ತದೆ, ಮುನ್ಸೂಚನೆಯೇ ಇಲ್ಲದೆ ಸೆಳವು ತರಿಸಬಲ್ಲದು. ಆದ್ದರಿಂದ ಅದರ ಭಾಗಶಃ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಆಕ್ಸಿಜನ್ನಿನ ಪಾಲು, 1.4 ಬಾರ್ ದಾಟಬಾರದೆಂಬುದು ಡೈವಿಂಗಿನಲ್ಲಿ ರೂಢಿಯಲ್ಲಿರುವ ಮಿತಿ. ಶೇ. 32ರ ಮಿಶ್ರಣಕ್ಕೆ ಆ ಮಿತಿ ಬರುವುದು 33 ಮೀಟರ್ ದಾಟಿದ ಮೇಲೆ.

ಈಗ ಬೆರೆಸುವ ಕೋಣೆಗೆ ಬರೋಣ. ಖಾಲಿ ಸಿಲಿಂಡರಿಗೆ ಮೊದಲು 28 ಬಾರ್ ಶುದ್ಧ ಆಕ್ಸಿಜನ್, ಆಮೇಲೆ 200 ಬಾರ್ ತನಕ ಗಾಳಿ: ಇದು 32ರ ಮಿಶ್ರಣದ ಲೆಕ್ಕ. ಆಕ್ಸಿಜನ್ ಅನ್ನು ನಿಧಾನವಾಗಿ, 27 ಡಿಗ್ರಿಯಲ್ಲಿ ತುಂಬಿದಿರಿ. ಗಾಳಿಯನ್ನು ಮಾತ್ರ ಆತುರದಲ್ಲಿ ತುಂಬಿದ್ದರಿಂದ ಒಳಗಿನ ಅನಿಲ 57 ಡಿಗ್ರಿಗೆ ಕಾಯಿತು ಎನ್ನಿ. ಗೇಜ್ 200 ಎಂದಿತು, ವಾಲ್ವ್ ಮುಚ್ಚಿದಿರಿ. ತಣಿದ ಮೇಲೆ ಮುಳ್ಳು 182ರ ಹತ್ತಿರ ನಿಲ್ಲುತ್ತದೆ. ಎಂದರೆ ಹೋಗಬೇಕಾದಷ್ಟು ಗಾಳಿ ಒಳಗೆ ಹೋಗೇ ಇಲ್ಲ, ಆಕ್ಸಿಜನ್ ಮಾತ್ರ ಪೂರ್ತಿ ಹೋಗಿದೆ. ಮಿಶ್ರಣ ಶೇ. 33.1. ಮಿತಿಯ ಆಳ ಒಂದೂವರೆ ಮೀಟರಿನಷ್ಟು ಮೇಲಕ್ಕೆ ಬಂದಿದೆ, ಸಿಲಿಂಡರಿಗೆ ಅಂಟಿಸಿದ ಚೀಟಿಯಲ್ಲಿ ಮಾತ್ರ 32 ಎಂದೇ ಇದೆ. ತಣಿದ ಸಿಲಿಂಡರಿಗೆ ಮತ್ತೆ ಗಾಳಿ ಸೇರಿಸಿ 200ಕ್ಕೆ ಏರಿಸಿದರೆ ಮಿಶ್ರಣ ತಾನಾಗಿ 32ಕ್ಕೆ ಬರುತ್ತದೆ.

ತಿರುಗುಮುರುಗಾಗಿಯೂ ತಪ್ಪಬಹುದು. ಆಕ್ಸಿಜನ್ ತುಂಬುವಾಗಲೇ ಒಳಗೆ 42 ಡಿಗ್ರಿ ಇದ್ದು ಗೇಜ್ 28 ತೋರಿಸಿದರೆ ನಿಜಕ್ಕೂ ಸೇರಿದ್ದು 26.7 ಬಾರ್‌ನಷ್ಟೇ. ಕೊನೆಯ 200 ಅನ್ನು ತಣಿಸಿ ಓದಿದರೆ ಮಿಶ್ರಣ ಶೇ. 31.4. ಇಲ್ಲಿ ಆಕ್ಸಿಜನ್ನಿನ ಭಯವಿಲ್ಲ, ಆದರೆ ನೀರಿನಡಿಯ ಹೊತ್ತನ್ನು ಲೆಕ್ಕ ಹಾಕುವ ಡೈವ್ ಕಂಪ್ಯೂಟರಿಗೆ ಹೇಳಿದ್ದಕ್ಕಿಂತ ಹೆಚ್ಚು ನೈಟ್ರೋಜನ್ ಮೈಗೆ ಸೇರುತ್ತದೆ.

ಇಲ್ಲೇ ಇನ್ನೊಂದು ದೊಡ್ಡ ತಪ್ಪು ಕಲ್ಪನೆಯೂ ಇದೆ. ಸಿಲಿಂಡರ್ ತಣಿದಂತೆ ಆಕ್ಸಿಜನ್ನಿನ ಪ್ರಮಾಣವೇ ಬದಲಾಗುತ್ತದೆ ಎಂದು ಹಲವರು ನಂಬುತ್ತಾರೆ. ಖಂಡಿತ ಇಲ್ಲ. ವಾಲ್ವ್ ಮುಚ್ಚಿದ ಕ್ಷಣಕ್ಕೆ ಒಳಗಿನ ಕಣಗಳ ಲೆಕ್ಕ ಮುಗಿಯಿತು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೂ ತಣ್ಣನೆಯ ಸಮುದ್ರಕ್ಕೆ ಇಳಿಸಿದರೂ ಶೇ. 32 ಎಂಬುದು ಶೇ. 32 ಆಗಿಯೇ ಇರುತ್ತದೆ, ಬದಲಾಗುವುದು ಒತ್ತಡ. ಆಕ್ಸಿಜನ್ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ ಎಂಬುದೂ ಸುಳ್ಳು. ಒಮ್ಮೆ ಪೂರ್ತಿ ಬೆರೆತದ್ದು ಬೇರೆಯಾಗುವುದಿಲ್ಲ. ತಪ್ಪು ನುಸುಳುವುದು ತುಂಬುವಾಗ, ಮೊದಲ ಓದನ್ನು ಒಂದು ತಾಪದಲ್ಲಿ, ಕೊನೆಯದನ್ನು ಇನ್ನೊಂದರಲ್ಲಿ ತೆಗೆದುಕೊಂಡಾಗ. ಎರಡೂ ಒಂದೇ ತಾಪದಲ್ಲಿದ್ದರೆ, ಅದು ಬಿಸಿಯೇ ಆಗಲಿ ತಂಪೇ ಆಗಲಿ, ಪ್ರಮಾಣ ಸರಿಬರುತ್ತದೆ.

ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿಬಿಟ್ಟರೆ ಎಷ್ಟು ವೇಗವಾಗಿ ಬೇಕಾದರೂ ತುಂಬಬಹುದು ಎನ್ನುವವರಿದ್ದಾರೆ. ಈ ಮಾತನ್ನು ದಯವಿಟ್ಟು ನಂಬಬೇಡಿ. ನೀರು ತಣಿಸುವುದು ಹೊರಗಿನ ಲೋಹವನ್ನು, ನಡುವಿನ ಅನಿಲಕ್ಕೆ ಆ ತಂಪು ಮುಟ್ಟಲು ಹೊತ್ತು ಬೇಕು. ಶುದ್ಧ ಆಕ್ಸಿಜನ್ ರಭಸದಿಂದ ನುಗ್ಗಿದರೆ ಕೊಳವೆ, ವಾಲ್ವಿನೊಳಗೆ ಒಮ್ಮೆಲೇ ಬಿಸಿ ಏರಿ, ಅಲ್ಲಿ ಚೂರು ಗ್ರೀಸ್ ಇದ್ದರೂ ಬೆಂಕಿ ಹೊತ್ತಬಹುದು. ಆಕ್ಸಿಜನ್ ಅನ್ನು ನಿಮಿಷಕ್ಕೆ 5 ಬಾರ್ ಮೀರದಂತೆ ತುಂಬುವ ರೂಢಿ ಬಂದದ್ದು ಲೆಕ್ಕ ಸರಿಯಾಗಲಿ ಎಂದಷ್ಟೇ ಅಲ್ಲ, ಬೆಂಕಿಯ ಭಯದಿಂದ.

ಕೊನೆಗೆ ಆಕ್ಸಿಜನ್ ಅಳೆಯುವ ಅನಲೈಜರ್ ಇದೆಯಲ್ಲ, ಅದು ಸತ್ಯ ಹೇಳುತ್ತದಲ್ಲ? ಹೇಳುತ್ತದೆ, ಸರಿಯಾಗಿ ಹೊಂದಿಸಿದ್ದರೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರಿಗೆ ಕರಾವಳಿಯ ಅಂಟಂಟು ಗಾಳಿ ಗೊತ್ತು. 30 ಡಿಗ್ರಿ ಸೆಕೆ, ಶೇ. 80 ತೇವ ಇರುವ ಗಾಳಿಯಲ್ಲಿ ನೀರಾವಿಯೂ ಜಾಗ ಹಿಡಿಯುವುದರಿಂದ ಆಕ್ಸಿಜನ್ ಶೇ. 20.9 ಇರುವುದಿಲ್ಲ, 20.2ರ ಹತ್ತಿರ ಇರುತ್ತದೆ. ಆ ಗಾಳಿಯನ್ನೇ 20.9 ಎಂದು ಅನಲೈಜರಿಗೆ ಕಲಿಸಿದರೆ, ಸಿಲಿಂಡರಿನ ಒಣ ಅನಿಲದ 32 ಅದಕ್ಕೆ 33ರಂತೆ ಕಾಣುತ್ತದೆ. ಹೊಂದಿಸಲು ಗಾಳಿ ತುಂಬಿದ ಇನ್ನೊಂದು ಸಿಲಿಂಡರಿನ ಒಣ ಗಾಳಿ ಬಳಸಿ. ಎಸಿ ಕೋಣೆಯಿಂದ ತಂದ ಅನಲೈಜರ್ ಹೊರಗಿನ ಸೆಕೆಗೆ ಒಗ್ಗುವ ತನಕ ಕಾಯಿರಿ.

ಬೆರೆಸುವ ಕೆಲಸ ತರಬೇತಿ ಪಡೆದವರದ್ದು. ಆದರೆ ಆ ಮಿಶ್ರಣವನ್ನು ಉಸಿರಾಡುವವರು ನೀವು. ಸಿಲಿಂಡರ್ ಪೂರ್ತಿ ತಣಿದ ಮೇಲೆ ನೀವೇ ಎದುರಿಗೆ ನಿಂತು ಅಳೆಯಿರಿ. ಬಂದ ಪ್ರಮಾಣ, ಇಳಿಯಬಹುದಾದ ಆಳ, ಅಂದಿನ ತಾರೀಖು ಮೂರನ್ನೂ ನಿಮ್ಮ ಕೈಯಾರೆ ಟೇಪಿನ ಮೇಲೆ ಬರೆದು ಅಂಟಿಸಿ, ಆಮೇಲೆ ದೋಣಿ ಹತ್ತಿ.