ಹೆಣ್ಣು ಹುಟ್ಟಿದರೆ ತಾಯಿಯದೇ ತಪ್ಪೇ?

ಪೀಣ್ಯದಲ್ಲಿ ನಮ್ಮ ಪಕ್ಕದ ಮನೆ ಖಾಲಾಗೆ ಮೂರನೆಯದೂ ಹೆಣ್ಣುಮಗು. ಬಂದವರೆಲ್ಲ ಖಾಲಾರನ್ನೇ ದೂರಿದರು. ಕಾಮರ್ಸ್ ಓದುವ ನನಗೂ ಈ ಲೆಕ್ಕ ಅರ್ಥವಾಗುತ್ತದೆ: ತಾಯಿಯ ಅಂಡಾಣುವಿನಲ್ಲಿರುವ ಲಿಂಗ ವರ್ಣತಂತು ಎಕ್ಸ್ ಮಾತ್ರ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇಲ್ಲವೇ ವೈ. ಸಾಮಾನ್ಯವಾಗಿ ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಯಾವುದು ಸೇರಬೇಕೆಂಬುದು ತಂದೆಯ ಕೈಯಲ್ಲೂ ಇಲ್ಲ.

ಇನ್ನೊಂದು ಅಚ್ಚರಿ: ಹೆಣ್ಣುಮಗು ಹುಟ್ಟುವಾಗಲೇ ಅದರೊಳಗೆ ಲಕ್ಷಗಟ್ಟಲೆ ಎಳೆ ಅಂಡಾಣುಗಳಿರುತ್ತವೆ. ಅಂದರೆ ನಾವು ರೂಪುಗೊಳ್ಳಲು ಕಾರಣವಾದ ಎಳೆ ಅಂಡಾಣು, ಅಮ್ಮಿ ಇನ್ನೂ ನಾನಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿತ್ತು!

ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಂತೆ ಅಪರಾಧ. ಆದರೂ 2023ರಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಇಂಥದೊಂದು ಜಾಲವನ್ನು ಹಿಡಿದರು; ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂದರು.

ಇನ್ನು ಯಾರಾದರೂ ತಾಯಿಯನ್ನು ದೂರಿದರೆ ಸುಮ್ಮನಿರಬೇಡಿ, ಈ ಲೆಕ್ಕ ಹೇಳಿ.