ಡಿಎನ್ಎ ಅಂಟು ಹಚ್ಚಿದ ಜೆಲ್ ಮಣಿಗಳು: ಲ್ಯಾಬಲ್ಲಿ ಟಿಶ್ಯೂ ಕಟ್ಟೋದು ಹೇಗೆ?

ಕಾಮಕಸ್ತೂರಿ ಬೀಜ ನೀರಲ್ಲಿ ನೆನೆಹಾಕಿದ್ದೀರಾ? ಸ್ವಲ್ಪ ಹೊತ್ತಲ್ಲೇ ಪ್ರತಿ ಬೀಜದ ಸುತ್ತ ಮೆತ್ತನೆಯ ಲೋಳೆ ಪದರ ಬರುತ್ತೆ. ಅದರಲ್ಲಿರೋದು ಬಹುಪಾಲು ನೀರೇ, ಆದರೂ ಹರಿದು ಹೋಗಲ್ಲ. ನೀರನ್ನ ಹೀಗೆ ಹಿಡಿದಿಟ್ಟುಕೊಳ್ಳುವ ಜಾಲವೇ ಹೈಡ್ರೋಜೆಲ್. ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಕೂಡ ಇದೇ ಜಾತಿ.

ಇಂಥ ಜೆಲ್ ಒಳಗೆ ಜೀವಕೋಶಗಳು ಬದುಕಿರಬಲ್ಲವು. ಹಾಗಾದ್ರೆ ಲಿವರ್ ಕೋಶಗಳನ್ನ ಜೆಲ್‌ಗೆ ಕಲಸಿ, ಅಚ್ಚಿಗೆ ಸುರಿದು, ಲಿವರನ್ನೇ ಎರಕ ಹೊಯ್ಯಬಹುದಲ್ವಾ? ಕಸಿಗಾಗಿ ಕಾಯ್ತಿರೋರಿಗೆ ಎಷ್ಟು ಅನುಕೂಲ!

ಅಷ್ಟು ಸುಲಭ ಇಲ್ಲ. ಎರಡು ಅಡ್ಡಿಗಳಿವೆ. ಒಂದು, ಆಮ್ಲಜನಕ. ನಮ್ಮ ದೇಹದಲ್ಲಿ ಹೆಚ್ಚಿನ ಕೋಶಗಳಿಗೆ 100ರಿಂದ 200 ಮೈಕ್ರೋಮೀಟರ್ ಒಳಗೇ, ಅಂದ್ರೆ ಒಂದೆರಡು ಕೂದಲೆಳೆಯಷ್ಟು ದೂರದಲ್ಲೇ, ರಕ್ತನಾಳ ಇರುತ್ತೆ. ದಪ್ಪ ಜೆಲ್‌ನ ನಡುವೆ ಸಿಕ್ಕಿಕೊಂಡ ಕೋಶ ಉಸಿರುಗಟ್ಟಿ ಸಾಯುತ್ತೆ. ಎರಡು, ಜೋಡಣೆ. ಲಿವರ್‌ನಲ್ಲಿ ಹಲವು ಬಗೆಯ ಕೋಶಗಳಿವೆ. ಯಾವುದರ ಪಕ್ಕ ಯಾವುದು ಅನ್ನೋದರ ಮೇಲೆ ಅವುಗಳ ಕೆಲಸ ನಿಂತಿದೆ. ಸುಮ್ಮನೆ ಕಲಸಿದರೆ ಆ ಜೋಡಣೆ ಸಿಗಲ್ಲ.

ಅದಕ್ಕೇ ಇನ್ನೊಂದು ದಾರಿ ಹುಡುಕಿದರು: ದೊಡ್ಡದನ್ನ ಎರಕ ಹೊಯ್ಯೋ ಬದಲು, ಚಿಕ್ಕ ಚಿಕ್ಕ ಮಣಿ ಮಾಡಿ ಜೋಡಿಸೋದು.

ಅಮೆರಿಕದ ಎಂಐಟಿಯಲ್ಲಿ ಸಂಗೀತಾ ಭಾಟಿಯಾ ಅವರ ತಂಡ 2011ರಲ್ಲಿ ಇದನ್ನ ಮಾಡಿ ತೋರಿಸ್ತು. ಅವರ ಜೆಲ್ ಮಣಿ ಬರೀ 100 ಮೈಕ್ರೋಮೀಟರ್. ಸೆಕೆಂಡಿಗೆ ಸುಮಾರು 100 ಮಣಿ ತಯಾರು. ಒಳಗೆ ಸೇರಿಸಿದ ಕೋಶಗಳಲ್ಲಿ ಸುಮಾರು ಶೇ. 97ರಷ್ಟು ಜೀವಂತ.

ಮಣಿ ತನ್ನ ಜಾಗ ಹುಡುಕೋದು ಹೇಗೆ? ಡಿಎನ್ಎ ಮೂಲಕ. ಡಿಎನ್ಎಯಲ್ಲಿ ಎ ಅಕ್ಷರ ಟಿಗೆ, ಜಿ ಅಕ್ಷರ ಸಿಗೆ ಜೋಡಿ. ಪ್ರತಿ ಬಗೆಯ ಮಣಿಗೂ ಒಂದೊಂದು ಒಂಟಿ ಎಳೆ ಅಂಟಿಸಿದರು. ಅಂಟಿಸೋಕೆ ಬಳಸಿದ್ದು ಬಯೋಟಿನ್ ಅನ್ನೋ ವಿಟಮಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನ್. ಇವೆರಡು ಒಮ್ಮೆ ಹಿಡಿದುಕೊಂಡರೆ ಬಿಡೋದು ತುಂಬಾ ಕಷ್ಟ. ಆಮೇಲೆ ಒಂದು ಸ್ಲೈಡ್ ಮೇಲೆ, ರಂಗೋಲಿ ಚುಕ್ಕಿ ಇಟ್ಟ ಹಾಗೆ, ಜೋಡಿ ಎಳೆಗಳನ್ನ ಇಟ್ಟರು. ಮೇಲೆ ಮಣಿಗಳನ್ನ ಸುರಿದಾಗ ಅವು ತಮ್ಮ ತಮ್ಮ ಚುಕ್ಕಿಗೇ ಹೋಗಿ ಕೂತವು. ಶೇ. 90ಕ್ಕಿಂತ ಹೆಚ್ಚು ನಿಖರವಾಗಿ!

ಹಾಗಂತ ನಾಳೆಯೇ ಲಿವರ್ ಸಿಗುತ್ತೆ ಅಂದ್ಕೋಬೇಡಿ. ನೂರಕ್ಕೆ ಐದೇ ಮಣಿ ತಪ್ಪು ಜಾಗದಲ್ಲಿ ಕೂತರೂ ಅಂಗದಂಥ ದೊಡ್ಡ ರಚನೆಯಲ್ಲಿ ಅದು ದೊಡ್ಡ ತಪ್ಪೇ. ಮಣಿಗಳನ್ನ ದಪ್ಪಗೆ ಪೇರಿಸಿದರೆ ಉಸಿರಿನ ಸಮಸ್ಯೆ ಮತ್ತೆ ಬರುತ್ತೆ. ನಡುವೆ ರಕ್ತ ಹರಿಯೋ ದಾರಿ ಬೇಕೇ ಬೇಕು. ಸದ್ಯಕ್ಕೆ ಇಂಥ ಪುಟ್ಟ ಟಿಶ್ಯೂಗಳಿಗೆ ಹತ್ತಿರದ ಉಪಯೋಗ ಅಂದ್ರೆ ಔಷಧಿಗಳನ್ನ ಪರೀಕ್ಷಿಸೋದು.

ಮುಂದಿನ ಸಲ 'ಲ್ಯಾಬಲ್ಲಿ ಅಂಗ ರೆಡಿ' ಅನ್ನೋ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ನಡುವಿನ ಕೋಶಕ್ಕೆ ಉಸಿರು ಎಲ್ಲಿಂದ ಬರುತ್ತೆ?