ಪಾರ್ಶ್ವವಾಯುವಿನ ತರುವಾಯ ಪಥ್ಯಾಹಾರ

ಮನೆಯಲ್ಲೊಬ್ಬರಿಗೆ ಪಾರ್ಶ್ವವಾಯು ಬಡಿದಿತೆಂದರೆ, ನೋಡಬಂದವರೆಲ್ಲರೂ "ಏನು ಉಣ್ಣಿಸುತ್ತಿದ್ದೀರಿ?" ಎಂದು ವಿಚಾರಿಸುವುದು ವಾಡಿಕೆ. ಅದಕ್ಕಿಂತ ಮೊದಲು "ನುಂಗಬಲ್ಲರೆ?" ಎಂದು ವಿಚಾರಿಸತಕ್ಕದ್ದೆಂಬುದನ್ನು ನಾವು ಪಶ್ಚಾತ್ತಾಪದಿಂದ ಕಲಿತೆವು.

ನಮ್ಮ ಅಣ್ಣನವರಿಗೆ ಈ ವ್ಯಾಧಿಯುಂಟಾಗಿ ಬಲಭಾಗವು ಸ್ವಾಧೀನ ತಪ್ಪಿತು. ಬಾಯಾರಿತೆಂದು ಅವರು ಸನ್ನೆ ಮಾಡಲು, ಮಲಗಿದ್ದಂತೆಯೇ ಲೋಟದಿಂದ ನೀರು ಕುಡಿಸಿದೆವು. ಕೆಮ್ಮು ಬಂದಿತು, ಎರಡು ದಿನಗಳಲ್ಲಿ ಜ್ವರವೇರಿತು. ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಆಗಿದೆಯೆಂದು ವೈದ್ಯರು ತಿಳಿಸಿದರು. ಅಣ್ಣನವರು ಉಳಿದುದು ನಮ್ಮ ಪುಣ್ಯ.

ಮಿದುಳಿಗೆ ರಕ್ತಸಂಚಾರವು ತಡೆದಾಗ, ಇಲ್ಲವೆ ಅಲ್ಲಿಯ ರಕ್ತನಾಳವು ಒಡೆದಾಗ, ಕೈಕಾಲುಗಳಂತೆ ಗಂಟಲಿನ ಸ್ನಾಯುಗಳೂ ದುರ್ಬಲವಾಗಬಹುದು. ಆರಂಭದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆಯಿರುವುದು. ಕೆಲವರಿಗೆ ಕೆಮ್ಮೂ ಬಾರದು. ಆದುದರಿಂದ ಪರೀಕ್ಷೆಯಾಗುವವರೆಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಕೂಡದು. ವೈದ್ಯರು ಮೂಗಿನ ನಳಿಕೆಯಿಂದ ಆಹಾರ ಕೊಡಬೇಕೆಂದರೆ ಗಾಬರಿಪಡಬೇಕಾದುದಿಲ್ಲ. ಅನೇಕರಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿಯು ಮರಳುತ್ತದೆ.

ಬಾಯಿಂದ ಉಣ್ಣಿಸಲು ಅಪ್ಪಣೆಯಾದ ಮೇಲೆ ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಸಣ್ಣ ಚಮಚೆಯಿಂದ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದನ್ನು ಕೊಡತಕ್ಕದ್ದು. ಉಂಡ ಬಳಿಕ ಅರ್ಧ ಗಂಟೆಯಾದರೂ ಮಲಗಿಸಬಾರದು. ಸೋತ ಕೆನ್ನೆಯಲ್ಲಿ ಅಗುಳು ನಿಲ್ಲುವುದರಿಂದ ಬಾಯನ್ನು ಶುಚಿಗೊಳಿಸಬೇಕು. ತಿಳಿಸಾರಿಗಿಂತ ಮಂದವಾದ ರಾಗಿ ಗಂಜಿ, ನುಣ್ಣಗೆ ಮಸೆದ ಮೊಸರನ್ನ, ಬೆಂದು ಕರಗಿದ ಹೆಸರುಬೇಳೆ ಅನೇಕರಿಗೆ ಸುಗಮ. ನೀರು ಬೇರೆ, ಅಗುಳು ಬೇರೆಯಾಗಿರುವ ಸಾರನ್ನವು ಕಷ್ಟಕರ. ಎಷ್ಟು ಮಂದವಾಗಿರಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಮಲಗಿದ ದೇಹದಲ್ಲಿ ಮಾಂಸಖಂಡಗಳು ಬೇಗ ಕ್ಷೀಣಿಸುವುದರಿಂದ ಬೇಳೆ, ಹಾಲು, ಮೊಸರು, ರೂಢಿಯುಳ್ಳವರಿಗೆ ಮೊಟ್ಟೆ, ಇವು ಅವಶ್ಯ. ಬೆಲೆಬಾಳುವ ಪೌಷ್ಟಿಕ ಪುಡಿಗಳು ಎಲ್ಲರಿಗೂ ಬೇಕಾಗಿಲ್ಲ. ನುಂಗಬಲ್ಲ ರೋಗಿಗಳೆಲ್ಲರಿಗೂ ಅಂತಹ ಪೂರಕಾಹಾರ ಕೊಟ್ಟುದರಿಂದ ವಿಶೇಷ ಲಾಭವಾಗಲಿಲ್ಲವೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಸೊರಗಿದವರ ಮಾತು ಬೇರೆ. ಅವರಿಗೆ ವೈದ್ಯರು ಸೂಚಿಸಿದರೆ ಕೊಡಬೇಕು.

ರಕ್ತದೊತ್ತಡವೇ ಈ ವ್ಯಾಧಿಯ ಮುಖ್ಯ ಕಾರಣವಾದುದರಿಂದ ಉಪ್ಪಿನಲ್ಲಿ ಹಿಡಿತವಿರಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರತಕ್ಕದ್ದು.

ನಾಲ್ಕನೆಯ ತಿಂಗಳಲ್ಲಿ ಅಣ್ಣನವರು ಚಮಚೆಯನ್ನು ತಾವೇ ಹಿಡಿಯಲು ಬಯಸಿದರು. ಎಡಗೈಯಿಂದ ಉಣ್ಣುವುದೆಂತೆಂದು ಸಂಕೋಚಪಟ್ಟರು. ಆಪತ್ಕಾಲದಲ್ಲಿ ಎಡಗೈಯೂ ಬಲಗೈಯೇ ಎಂದು ನಾವು ಹೇಳಲು, ನಕ್ಕು, ಒಂದು ತುತ್ತು ಮೊಸರನ್ನವನ್ನು ಬಾಯಿಗಿಟ್ಟು ಸಾವಕಾಶವಾಗಿ ನುಂಗಿದರು. ಅತ್ತಿಗೆಯವರು ಆ ದಿನವೇ ಮೊದಲ ಬಾರಿಗೆ ನೆಮ್ಮದಿಯಾಗಿ ಊಟಕ್ಕೆ ಕುಳಿತರು.